ಪೇಟೆ ಬೀದಿಗಳ ಆಹಾರ ನಡಿಗೆ: ಗಳಿಕೆಯಲ್ಲಿ ಅಂಗಡಿಯ ಪಾಲೆಷ್ಟು?

ಪ್ರವಾಸೋದ್ಯಮವೆಂದರೆ ಅರಮನೆ, ಜಲಪಾತ, ಅಭಯಾರಣ್ಯ ಎಂಬ ಗ್ರಹಿಕೆ ನಮ್ಮಲ್ಲಿ ಬಹುಕಾಲ ಬೇರೂರಿತ್ತು. ನಗರದ ಇಕ್ಕಟ್ಟಾದ ಬೀದಿಯೊಂದು, ಅಲ್ಲಿನ ಹೋಟೆಲು, ಬೇಕರಿ, ಮಿಠಾಯಿ ಅಂಗಡಿಗಳು ಸಹ ಹಣ ಕೊಟ್ಟು ನೋಡತಕ್ಕ ತಾಣವಾಗಬಹುದೆಂಬುದು ಈಚಿನ ಎರಡು ದಶಕಗಳಲ್ಲಿ ಮನವರಿಕೆಯಾದ ಸಂಗತಿ. ಎಂಟು-ಹತ್ತು ಜನರ ತಂಡವೊಂದನ್ನು ಮಾರ್ಗದರ್ಶಿಯೊಬ್ಬರು ಸುಮಾರು ಮೂರು ಗಂಟೆ ಕಾಲ್ನಡಿಗೆಯಲ್ಲಿ ಕರೆದೊಯ್ದು, ಐದಾರು ಕಡೆ ತಿನಿಸುಗಳ ರುಚಿ ತೋರಿಸಿ, ಆ ತಿನಿಸಿನ ಮತ್ತು ಅದನ್ನು ತಯಾರಿಸುವ ಜನರ ಹಿನ್ನೆಲೆಯನ್ನು ವಿವರಿಸುವ ಸೇವೆಗೆ ‘ಆಹಾರ ನಡಿಗೆ’ ಅಥವಾ ‘ಫುಡ್ ವಾಕ್’ ಎಂಬ ಹೆಸರು ರೂಢಿಯಾಗಿದೆ. ಏರ್‌ಬಿಎನ್‌ಬಿ ಸಂಸ್ಥೆಯು 2016ರಲ್ಲಿ ವಸತಿಯ ಜೊತೆಗೆ ಇಂತಹ ‘ಅನುಭವ’ಗಳನ್ನೂ ತನ್ನ ಜಾಲದ ಮೂಲಕ ಮಾರಲು ಆರಂಭಿಸಿದ ಮೇಲೆ ಈ ವೃತ್ತಿಗೆ ಜಾಗತಿಕ ಮಾರುಕಟ್ಟೆಯೊಂದು ದೊರೆಯಿತು.

ಬಂಡವಾಳದ ದೃಷ್ಟಿಯಿಂದ ಇಷ್ಟು ಹಗುರವಾದ ಉದ್ಯಮ ಇನ್ನೊಂದಿರಲಾರದು. ವಾಹನ ಬೇಡ, ಕಟ್ಟಡ ಬೇಡ, ದಾಸ್ತಾನು ಬೇಡ. ಆದರೆ ದಾಸ್ತಾನು ಬೇಡವೆಂಬುದರ ಅರ್ಥ ದಾಸ್ತಾನು ಇಲ್ಲವೆಂದಲ್ಲ. ಅದು ಬೇರೆಯವರದು ಎಂದಷ್ಟೆ. ಆಯೋಜಕನು ಮಾರುವ ಸರಕು ಅಂಗಡಿಕಾರನ ಒಲೆಯ ಮೇಲೆ ಬೇಯುತ್ತಿರುತ್ತದೆ. ಆದುದರಿಂದ ಈ ಉದ್ಯಮದ ಲೆಕ್ಕವನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಕಡೆಯಿಂದ ನೋಡುವುದು ವರ್ತಕ ಸಮುದಾಯಕ್ಕೆ ಹೆಚ್ಚು ಉಪಯುಕ್ತ. ಈ ಅಧ್ಯಯನಕ್ಕೆ ಬೆಂಗಳೂರಿನ ಹಳೆಯ ಪೇಟೆಯನ್ನು ಕ್ಷೇತ್ರವಾಗಿ ಆರಿಸಿಕೊಳ್ಳಲಾಗಿದೆ.

ಪೇಟೆಯೇ ಏಕೆ?

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರು ಮೂಲತಃ ವ್ಯಾಪಾರದ ಊರು. ದೊಡ್ಡಪೇಟೆ ಮತ್ತು ಚಿಕ್ಕಪೇಟೆಗಳು ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೆ ಎತ್ತುಗಳನ್ನು ಹೂಡಿ ಬೀದಿಗಳ ಗೆರೆ ಎಳೆದರೆಂಬ ಐತಿಹ್ಯವಿದೆ. ದೊಡ್ಡಪೇಟೆ ಇಂದು ಅವೆನ್ಯೂ ರಸ್ತೆಯಾಗಿದ್ದರೂ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ ಎಂಬ ಹೆಸರುಗಳು ಒಂದೊಂದು ಸರಕನ್ನೋ ಕಸುಬನ್ನೋ ಸಮುದಾಯವನ್ನೋ ಇಂದಿಗೂ ನೆನಪಿಸುತ್ತವೆ. 1809ರಲ್ಲಿ ಸ್ಥಾಪನೆಯಾದ ದಂಡು ಪ್ರದೇಶವು ಬೇರೆಯದೇ ಆಡಳಿತದಲ್ಲಿ ಬೆಳೆಯಿತು. 1949ರಲ್ಲಿ ಎರಡೂ ಒಂದೇ ಪಾಲಿಕೆಯ ಅಡಿಯಲ್ಲಿ ಬಂದವು. ಹೀಗಾಗಿ ಶಿವಾಜಿನಗರ, ಫ್ರೇಜರ್ ಟೌನ್‌ಗಳ ಊಟಕ್ಕೂ ಪೇಟೆಯ ಊಟಕ್ಕೂ ಇರುವ ಅಂತರವು ಕೇವಲ ರುಚಿಯದಲ್ಲ, ಇತಿಹಾಸದ್ದು.

ಪೇಟೆಯ ಒಂದೆರಡು ಕಿಲೋಮೀಟರ್ ವ್ಯಾಪ್ತಿಯಲ್ಲಿ ಕನ್ನಡ, ತೆಲುಗು, ತಮಿಳು, ಮರಾಠಿ, ಉರ್ದು, ಗುಜರಾತಿ, ಮಾರವಾಡಿ ಮಾತುಗಳು ಕೇಳಿಬರುತ್ತವೆ. ಪ್ರತಿಯೊಂದು ಮಾತಿನ ಹಿಂದೆಯೂ ಒಂದು ಅಡುಗೆಮನೆಯಿದೆ. ಕರಾವಳಿಯಿಂದ ಬಂದವರ ಉಡುಪಿ ಹೋಟೆಲಿನಲ್ಲಿ ದೋಸೆ, ಚೌಚೌಬಾತ್. ಮರಾಠ ಕುಟುಂಬಗಳ ಹೆಸರಿನೊಂದಿಗೆ ಬಹುಮಟ್ಟಿಗೆ ಬೆಸೆದುಕೊಂಡಿರುವ ಮಿಲಿಟರಿ ಹೋಟೆಲಿನಲ್ಲಿ ದೊನ್ನೆ ಬಿರಿಯಾನಿ, ರಾಗಿ ಮುದ್ದೆ, ಕಾಲು ಸೂಪು. ಬಟ್ಟೆ ಮತ್ತು ಚಿನ್ನಬೆಳ್ಳಿಯ ವ್ಯಾಪಾರಕ್ಕೆ ಬಂದ ರಾಜಸ್ಥಾನದವರಿಗಾಗಿ ಹುಟ್ಟಿಕೊಂಡ ಕಚೋರಿ, ಜಿಲೇಬಿಯ ಅಂಗಡಿಗಳು. ಅಯ್ಯಂಗಾರ್ ಬೇಕರಿಗಳ ಮೂಲವನ್ನು 1898ರಲ್ಲಿ ಚಿಕ್ಕಪೇಟೆಯಲ್ಲಿ ಆರಂಭವಾದ ಬಿ.ಬಿ. ಬೇಕರಿಯವರೆಗೆ ಗುರುತಿಸಲಾಗುತ್ತದೆ. ಹಾಸನ ಸೀಮೆಯ ಅಯ್ಯಂಗಾರ್ ಕುಟುಂಬಗಳು ಬ್ರೆಡ್ಡು, ಬನ್ನುಗಳೆಂಬ ಪರದೇಶದ ತಿನಿಸಿಗೆ ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ ಬೆರೆಸಿ ‘ಖಾರಾ ಬನ್’ ಮಾಡಿ, ಅದನ್ನು ರಾಜ್ಯದ ಊರೂರಿಗೂ ಒಯ್ದದ್ದು ಸಣ್ಣ ಬಂಡವಾಳದ ದೊಡ್ಡ ಸಾಹಸಗಳಲ್ಲೊಂದು.

ಇನ್ನೊಂದು ಅನುಕೂಲವೂ ಇದೆ. ‘ಬೈ-ಟು’ ಕಾಫಿಯ ಪದ್ಧತಿ ಬೆಂಗಳೂರಿಗೆ ಹೊಸತಲ್ಲ. ಒಂದು ಲೋಟದ ಕಾಫಿಯನ್ನು ಎರಡು ಮಾಡಿ ಕೊಡಿರೆಂದರೆ ಇಲ್ಲಿನ ಮಾಣಿ ಹುಬ್ಬೇರಿಸುವುದಿಲ್ಲ. ಹಲವು ಕಡೆ ಅಷ್ಟಷ್ಟೇ ತಿನ್ನಬೇಕಾದ ನಡಿಗೆಗೆ ಬೇಕಾದ ಶಿಸ್ತು ಇದೇ. ಎಂಟು ಜನರಿಗೆ ನಾಲ್ಕು ದೋಸೆ ಸಾಕು. ಆರನೆಯ ಅಂಗಡಿಯವರೆಗೂ ಹಸಿವು ಉಳಿದಿರಬೇಕು.

ಲೆಕ್ಕ

ಉದಾಹರಣೆಗಾಗಿ ಒಂದು ನಡಿಗೆಯ ಜಮಾ-ಖರ್ಚನ್ನು ಕಲ್ಪಿಸಿಕೊಳ್ಳೋಣ. ಇಲ್ಲಿನ ಅಂಕಿಗಳು ವಿವರಣೆಗಾಗಿ ಇಟ್ಟುಕೊಂಡವೇ ಹೊರತು ಯಾವುದೇ ಸಂಸ್ಥೆಯ ದರಗಳಲ್ಲ. ಎಂಟು ಜನ, ತಲೆಗೆ 1,800 ರೂ. ಶುಲ್ಕ, ಒಟ್ಟು 14,400 ರೂ. ಕಾದಿರಿಸುವಿಕೆಯು ಅಂತರ್ಜಾಲದ ಮಧ್ಯವರ್ತಿಯ ಮೂಲಕ ನಡೆದು ಶೇ. 20ರ ದಲ್ಲಾಳಿ ಕಳೆದರೆ 2,880 ರೂ. ಹೋಗಿ 11,520 ರೂ. ಉಳಿಯುತ್ತದೆ. ಮಾರ್ಗದರ್ಶಿಗೆ 2,500 ರೂ., ಸಹಾಯಕನಿಗೆ 800 ರೂ., ಕುಡಿಯುವ ನೀರು, ವಿಮೆ, ದೂರವಾಣಿ ಇತ್ಯಾದಿಗೆ 620 ರೂ. ಆರು ಅಂಗಡಿಗಳಲ್ಲಿ ತಲೆಗೆ ಸರಾಸರಿ 50 ರೂ.ಗಳಂತೆ ತಿನಿಸಿನ ಬೆಲೆ 2,400 ರೂ. ತೆರಿಗೆಯನ್ನು ಬದಿಗಿಟ್ಟರೆ ಆಯೋಜಕನ ಕೈಯಲ್ಲಿ ಉಳಿಯುವುದು 5,200 ರೂ.

ಈಗ ಅಂಗಡಿಯ ಕಡೆ ನೋಡೋಣ. ಒಂದೊಂದು ಅಂಗಡಿಗೆ ಸಂದದ್ದು 400 ರೂ. ಅದರಲ್ಲಿ ಪದಾರ್ಥ, ಅನಿಲ, ಕೂಲಿ, ಬಾಡಿಗೆ ಕಳೆದು ಐದನೆಯ ಒಂದು ಭಾಗ ಲಾಭವೆಂದು ಉದಾರವಾಗಿ ಎಣಿಸಿದರೂ ದೊರೆಯುವುದು 80 ರೂ. ಗಿರಾಕಿ ಕೊಟ್ಟ 14,400 ರೂಪಾಯಿಯಲ್ಲಿ ಆರೂ ಅಂಗಡಿಗಳ ಲಾಭ ಸೇರಿ 480 ರೂ. ಗಿರಾಕಿ ಬಂದದ್ದಾದರೂ ಆ ಅಂಗಡಿಗಳನ್ನು ನೋಡಲು!

ಆಯೋಜಕನು ಮೋಸಗಾರನೆಂದು ಇದರಿಂದ ತೀರ್ಮಾನಿಸುವುದು ಸಲ್ಲದು. ಗಿರಾಕಿಯನ್ನು ಹುಡುಕಿ ತಂದವನು ಅವನು. ರದ್ದಾದ ದಿನಗಳ, ಇಬ್ಬರೇ ಬಂದ ದಿನಗಳ, ಪ್ರಚಾರದ ನಷ್ಟವನ್ನೆಲ್ಲ ಆ 5,200 ರೂಪಾಯಿಯಲ್ಲಿಯೇ ಅವನು ಭರಿಸಬೇಕು. ಆದರೆ ಅಂಗಡಿಕಾರನು ನೀಡುತ್ತಿರುವುದು ತಿನಿಸು ಮಾತ್ರವಲ್ಲವೆಂಬುದೂ ಅಷ್ಟೇ ನಿಜ. ನಿಲ್ಲುವ ಜಾಗ, ಒಲೆಯ ಬಳಿ ಇಣುಕುವ ಅವಕಾಶ, ಚಿತ್ರ ತೆಗೆಯುವ ಅನುಮತಿ, ತಾತನ ಕಾಲದ ಕಥೆ — ಇವುಗಳಿಗೆ ಬಿಲ್ಲಿನಲ್ಲಿ ಸಾಲಿಲ್ಲ.

ಜಾಗದ ಬೆಲೆ ಎಷ್ಟೆಂಬುದನ್ನು ದರ್ಶಿನಿ ಮಾದರಿಯ ಹೋಟೆಲಿನಲ್ಲಿ ಸುಲಭವಾಗಿ ಅಳೆಯಬಹುದು. ನಿಂತು ತಿನ್ನುವ ಮೇಜಿಗೆ ನಾಲ್ವರು. ಒಬ್ಬೊಬ್ಬ ಗಿರಾಕಿ ಹತ್ತು ನಿಮಿಷ. ಎಂಟು ಜನರ ತಂಡ ಎರಡು ಮೇಜುಗಳನ್ನು ಇಪ್ಪತ್ತು ನಿಮಿಷ ಹಿಡಿದು ನಿಂತರೆ ಹದಿನಾರು ಗಿರಾಕಿಗಳಿಗೆ ಜಾಗ ತಪ್ಪುತ್ತದೆ. ಗಿರಾಕಿಗೆ 70 ರೂ. ವ್ಯಾಪಾರವೆಂದರೆ 1,120 ರೂ. ಬೆಳಗಿನ ಎಂಟೂವರೆಯ ದಟ್ಟಣೆಯಲ್ಲಿ 400 ರೂ. ಪಡೆಯುವುದಕ್ಕಾಗಿ 1,120 ರೂ. ವಹಿವಾಟನ್ನು ಬಿಟ್ಟುಕೊಡುವ ವ್ಯಾಪಾರಿ ಎಷ್ಟು ದಿನ ನಗುಮುಖದಿಂದ ಸ್ವಾಗತಿಸಿಯಾನು? ಪದಾರ್ಥದ ವೆಚ್ಚಕ್ಕಿಂತಲೂ ದೊಡ್ಡದಾದ ಈ ನಷ್ಟ ಯಾವ ಖಾತೆಯಲ್ಲಿಯೂ ಕಾಣಿಸುವುದಿಲ್ಲ. ಹಲವು ನಡಿಗೆಗಳಲ್ಲಿ ಕೆಲವು ತಿಂಗಳ ನಂತರ ಅಂಗಡಿಯವರ ಮುಖ ಗಂಟಿಕ್ಕುವುದಕ್ಕೆ ಒರಟುತನಕ್ಕಿಂತ ಇದೇ ಕಾರಣವಿರುವ ಸಾಧ್ಯತೆ ಹೆಚ್ಚು.

ಅದೇ ಮೇಜುಗಳು ಹನ್ನೊಂದು ಗಂಟೆಗೆ ಅಥವಾ ಮಧ್ಯಾಹ್ನ ಮೂರೂವರೆಗೆ ಖಾಲಿ ಇರುತ್ತವೆ. ಆಗ ಬರುವ ತಂಡದಿಂದ ಕಳೆಯುವುದೇನೂ ಇಲ್ಲ, ಬಂದದ್ದೆಲ್ಲ ಹೆಚ್ಚುವರಿ. ಆದುದರಿಂದ ನಡಿಗೆಯ ಯೋಜನೆಯಲ್ಲಿ ಮೊದಲು ನಿರ್ಧರಿಸಬೇಕಾದುದು ಮಾರ್ಗವನ್ನಲ್ಲ, ವೇಳೆಯನ್ನು. ಎರಡನೆಯದಾಗಿ, ತಿನಿಸಿನ ಬೆಲೆಯಲ್ಲದೆ ಅಂಗಡಿಗೆ ಒಂದು ‘ಆತಿಥ್ಯ ದರ’ವನ್ನು ನಿಗದಿಪಡಿಸುವುದು ನ್ಯಾಯ. ಮೇಲಿನ ಲೆಕ್ಕದಲ್ಲಿ ಅಂಗಡಿಗೆ 200 ರೂ.ಗಳಂತೆ 1,200 ರೂ. ಕೊಟ್ಟರೆ ಆಯೋಜಕನಿಗೆ ಉಳಿಯುವುದು 4,000 ರೂ.; ಅಥವಾ ಗಿರಾಕಿಯ ಶುಲ್ಕದಲ್ಲಿ 150 ರೂ. ಏರಿಸಿದರೆ ಈ ಹೊರೆಯ ಬಹುಪಾಲು ಇಳಿಯುತ್ತದೆ. ಅಂಗಡಿಯ ಲಾಭ 80ರಿಂದ 280 ರೂ.ಗೆ ಏರುತ್ತದೆ. 1,800 ಕೊಡಲು ಸಿದ್ಧನಿರುವ ಪ್ರವಾಸಿಯು 1,950ಕ್ಕೆ ಹಿಂಜರಿಯುವನೆಂದು ನಂಬಲು ಕಾರಣ ಕಾಣದು.

ಆಯೋಜಕನೇ ಅಂಗಡಿಯಿಂದ ದಲ್ಲಾಳಿ ಕೇಳುವ ಪದ್ಧತಿಯೂ ಪ್ರವಾಸೋದ್ಯಮದಲ್ಲಿ ಹೊಸತಲ್ಲ. ಕರಕುಶಲ ವಸ್ತುಗಳ ಮಳಿಗೆಗಳಲ್ಲಿ ಅದು ನಡೆಯಬಹುದು. ನೂರು ರೂಪಾಯಿಯೊಳಗಿನ ತಿನಿಸಿನ ಅಂಗಡಿಯಲ್ಲಿ ಅದನ್ನು ತಂದರೆ ಒಂದೋ ತಟ್ಟೆಯ ಪ್ರಮಾಣ ಕುಗ್ಗುತ್ತದೆ, ಇಲ್ಲವೇ ‘ವಾಕ್‌ನವರ’ ದರವೆಂಬುದೊಂದು ಪ್ರತ್ಯೇಕವಾಗಿ ಹುಟ್ಟಿಕೊಳ್ಳುತ್ತದೆ.

ಕಥೆಯೂ ಸರಕೇ

ನಡಿಗೆಯಲ್ಲಿ ತಿನಿಸಿಗೆ ಎಷ್ಟು ಬೆಲೆಯೋ ಕಥೆಗೂ ಅಷ್ಟೇ ಬೆಲೆ. ಹಾಗಿರುವಾಗ ಕಥೆಯ ಗುಣಮಟ್ಟವನ್ನೂ ಪರೀಕ್ಷಿಸಬೇಕಾಗುತ್ತದೆ. ಬೇಟೆಯಲ್ಲಿ ದಾರಿ ತಪ್ಪಿದ ಹೊಯ್ಸಳ ದೊರೆ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು, ಅದರಿಂದ ‘ಬೆಂದಕಾಳೂರು’, ಅದೇ ಬೆಂಗಳೂರು — ಇದು ಆಹಾರ ನಡಿಗೆಗೆ ಹೇಳಿ ಮಾಡಿಸಿದಂತಹ ಕಥೆ. ಆದರೆ ಬೇಗೂರಿನ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿಯೇ ‘ಬೆಂಗಳೂರ ಕಾಳಗ’ದ ಉಲ್ಲೇಖವಿದೆ, ವೀರಬಲ್ಲಾಳನು ಅದಕ್ಕಿಂತ ಮೂರು ಶತಮಾನಗಳ ಈಚಿನವನು. ಹೆಸರು ಕಥೆಗಿಂತ ಹಳೆಯದು. ಸಮರ್ಥ ಮಾರ್ಗದರ್ಶಿಯು ಕಥೆಯನ್ನು ಬಿಡಬೇಕಾಗಿಲ್ಲ; ಕಥೆಯನ್ನು ಕಥೆಯೆಂದೇ ಹೇಳಿ, ಬಳಿಕ ಬೇಗೂರಿನ ಕಲ್ಲನ್ನು ಪ್ರಸ್ತಾಪಿಸಿದರೆ ಕೇಳುವವರ ಆಸಕ್ತಿ ಹೆಚ್ಚುವುದೇ ಹೊರತು ಕುಗ್ಗುವುದಿಲ್ಲ.

ಅಂಗಡಿಗಳ ಸ್ವಂತ ಹೇಳಿಕೆಗಳಿಗೂ ಇದೇ ನಿಯಮ. 1924ರಲ್ಲಿ ಆರಂಭವಾದ, ಪೇಟೆಯ ಹೊರಗೆ ಲಾಲ್‌ಬಾಗ್ ರಸ್ತೆಯಲ್ಲಿರುವ ಮಾವಳ್ಳಿ ಟಿಫನ್ ರೂಮ್ಸ್ ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದ ದಿನಗಳಲ್ಲಿ ರವೆ ಇಡ್ಲಿಯನ್ನು ರೂಪಿಸಿತೆಂಬುದು ಆ ಸಂಸ್ಥೆಯ ಹೇಳಿಕೆ. ‘ಸಂಸ್ಥೆಯವರು ಹೀಗೆನ್ನುತ್ತಾರೆ’ ಎಂಬ ಎರಡು ಪದಗಳನ್ನು ಸೇರಿಸಲು ಮಾರ್ಗದರ್ಶಿಗೆ ಖರ್ಚೇನೂ ಇಲ್ಲ. ‘ನೂರು ವರ್ಷದ ಅಂಗಡಿ’ ಎಂಬ ಫಲಕ ಕಂಡಾಗಲೂ ಹಳೆಯ ಪರವಾನಗಿಯೋ ಚಿತ್ರಪಟವೋ ಇದೆಯೇ ಎಂದು ಮಾಲೀಕರನ್ನು ವಿನಯದಿಂದ ವಿಚಾರಿಸಬಹುದು. ಹಲವು ಅಂಗಡಿಗಳಲ್ಲಿ ಅಂತಹ ಕಾಗದಗಳು ಅಟ್ಟದ ಮೇಲೆ ಧೂಳು ತಿನ್ನುತ್ತಿರುತ್ತವೆ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಅದೇ ಜಾಹೀರಾತು.

ಪಂಕ್ತಿಯ ಕ್ರಮ

ವೈವಿಧ್ಯವುಳ್ಳ ಬಡಾವಣೆಯಲ್ಲಿ ತಿನಿಸಿನ ಕ್ರಮವು ಸೂಕ್ಷ್ಮ ವಿಷಯ. ತಂಡದಲ್ಲಿ ಈರುಳ್ಳಿ-ಬೆಳ್ಳುಳ್ಳಿ ಮುಟ್ಟದ ಜೈನರಿರಬಹುದು, ಹಲಾಲ್ ಅಲ್ಲದ ಮಾಂಸ ತಿನ್ನದವರಿರಬಹುದು, ಮಾಂಸ ಬೇಯುವ ಹೋಟೆಲಿನ ಹೊಸ್ತಿಲನ್ನೇ ದಾಟದವರಿರಬಹುದು. ಕಾದಿರಿಸುವಾಗಲೇ ಇದನ್ನು ಕೇಳಿ ತಿಳಿಯಬೇಕು. ಸಸ್ಯಾಹಾರದ ನಿಲುಗಡೆಗಳನ್ನು ಮೊದಲಿಟ್ಟು ಮಿಲಿಟರಿ ಹೋಟೆಲನ್ನು ಕೊನೆಗಿರಿಸಿದರೆ, ಬೇಡವೆನ್ನುವವರು ಅದಕ್ಕೆ ಮುನ್ನ ಬೀಳ್ಕೊಳ್ಳಬಹುದು. ಆದರೆ ದೊನ್ನೆ ಬಿರಿಯಾನಿಯು ಮಧ್ಯಾಹ್ನದೊಳಗೆ ಮುಗಿದುಹೋಗುವ ಕಡೆಗಳುಂಟು. ಸಂಜೆಯ ನಡಿಗೆಯಲ್ಲಿ ಅದನ್ನು ಹೆಸರಿಸಿ ಪ್ರಚಾರ ಮಾಡುವುದು ಅಪಾಯ.

ಋತುವಿಗೂ ಗಮನ ಕೊಡಬೇಕು. ಡಿಸೆಂಬರ್-ಜನವರಿಯ ಅವರೆಕಾಯಿ, ಕಾರ್ತಿಕದ ಕೊನೆಯ ಸೋಮವಾರದ ಬಸವನಗುಡಿ ಕಡಲೆಕಾಯಿ ಪರಿಷೆ, ರಂಜಾನ್ ತಿಂಗಳ ಸಂಜೆಗಳಲ್ಲಿ ಫ್ರೇಜರ್ ಟೌನ್ ಮತ್ತು ಶಿವಾಜಿನಗರದ ಹಲೀಮು, ಸಮೋಸ ಇವೆಲ್ಲ ಆಯಾ ಕಾಲದ ವಿಶೇಷ ಸರಕುಗಳು. ಚೈತ್ರ ಹುಣ್ಣಿಮೆಯಂದು ತಿಗಳರಪೇಟೆಯ ಧರ್ಮರಾಯ ಸ್ವಾಮಿ ದೇವಾಲಯದಿಂದ ಹೊರಡುವ ಕರಗವು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಭೇಟಿ ಕೊಡುತ್ತದೆ. ಆ ರಾತ್ರಿ ಪೇಟೆ ಮಲಗುವುದಿಲ್ಲ. ಆದರೆ ಅಂತಹ ಜನಸಂದಣಿಯಲ್ಲಿ ಹಣ ಪಡೆದು ತಂಡ ಕರೆದೊಯ್ಯದಿರುವುದೇ ವಿವೇಕ. ಮೊದಲೇ ತುಂಬಿ ತುಳುಕುವ ಬೀದಿಗೆ ಇನ್ನಷ್ಟು ಜನರನ್ನು ತಂದರೆ ಅಂಗಡಿಗೂ ಪ್ರಯೋಜನವಿಲ್ಲ, ನಿವಾಸಿಗಳಿಗೂ ನೆಮ್ಮದಿಯಿಲ್ಲ. ಫ್ರೇಜರ್ ಟೌನ್‌ನ ರಂಜಾನ್ ಆಹಾರ ಮಳಿಗೆಗಳ ಬಗ್ಗೆಯೂ ವಿಶ್ವೇಶ್ವರಪುರದ ತಿಂಡಿಬೀದಿಯ ಬಗ್ಗೆಯೂ ಸ್ಥಳೀಯರು ಕಸ, ವಾಹನ ನಿಲುಗಡೆ, ಗದ್ದಲಗಳ ದೂರನ್ನು ಎತ್ತಿರುವುದುಂಟು. ಆ ದೂರುಗಳು ಹುರುಳಿಲ್ಲದವಲ್ಲ.

ಕಾನೂನು ಮತ್ತು ಕಾಗದಪತ್ರ

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯನ್ವಯ ತಿನಿಸು ಮಾರುವ ಪ್ರತಿಯೊಬ್ಬನೂ ವಹಿವಾಟಿನ ಗಾತ್ರಕ್ಕೆ ತಕ್ಕಂತೆ ನೋಂದಣಿ ಅಥವಾ ಪರವಾನಗಿ ಪಡೆಯಬೇಕು. ಅಂಗಡಿಯನ್ನು ಆರಿಸುವಾಗ ಆಯೋಜಕನು ನೋಡಬೇಕಾದ ಮೊದಲ ಕಾಗದ ಅದು. ತಂಡದಲ್ಲಿ ಒಬ್ಬರಿಗೆ ಹೊಟ್ಟೆ ಕೆಟ್ಟರೆ ಆರರಲ್ಲಿ ಯಾವ ಅಂಗಡಿಯಿಂದ ಎಂಬುದನ್ನು ಹೇಳಲಾಗದು. ಒಬ್ಬನ ಅಜಾಗ್ರತೆಯಿಂದ ಐವರ ಹೆಸರಿಗೂ ಮಸಿ. ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿಯ ಆಹಾರ ಮಳಿಗೆಗಳ ಗುಂಪಿಗೆ ‘ಸ್ವಚ್ಛ ಬೀದಿ ಆಹಾರ ಕೇಂದ್ರ’ವೆಂಬ ಮಾನ್ಯತೆ ನೀಡಿತು. ಒಂಟಿ ಅಂಗಡಿಗಲ್ಲದೆ ಇಡೀ ಬೀದಿಗೆ ಪ್ರಮಾಣಪತ್ರ ಕೊಡುವ ಈ ಕ್ರಮ ನಡಿಗೆಯ ಉದ್ಯಮಕ್ಕೆ ಹೊಂದಿಕೊಳ್ಳುವಂತಹದು.

ತಳ್ಳುಗಾಡಿಯವರ ಸ್ಥಿತಿ ಬೇರೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಅವರ ಜೀವನೋಪಾಯವನ್ನು ರಕ್ಷಿಸಿ ವ್ಯಾಪಾರ ಪ್ರಮಾಣಪತ್ರಕ್ಕೆ ಅವಕಾಶ ಕಲ್ಪಿಸಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು. ಪ್ರಮಾಣಪತ್ರವಿಲ್ಲದ ಗಾಡಿಯವನನ್ನು ನಡಿಗೆಯಿಂದ ಹೊರಗಿಡುವುದು ಸುಲಭ. ಅದಕ್ಕಿಂತ ಅದನ್ನು ಪಡೆಯಲು ಅವನಿಗೆ ನೆರವಾಗುವುದು ಆಯೋಜಕನ ಸ್ವಂತ ಹಿತಕ್ಕೂ ಒಳ್ಳೆಯದು, ಏಕೆಂದರೆ ನಾಳೆ ಅವನ ಗಾಡಿ ಎತ್ತಂಗಡಿಯಾದರೆ ನಡಿಗೆಯ ಒಂದು ನಿಲುಗಡೆಯೇ ಮಾಯವಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿರುವುದರಿಂದ, ಯಾವ ಬೀದಿ ಯಾವ ಕಚೇರಿಗೆ ಸೇರಿದೆಯೆಂಬುದನ್ನೂ ಖಚಿತಪಡಿಸಿಕೊಳ್ಳುವುದು ಅವಶ್ಯ.

ಹಣ ಪಾವತಿಯ ಬಗೆಗೆ ಒಂದು ಮಾತು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದಾಗ ಬೆಂಗಳೂರಿನ ಹಲವಾರು ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಅದೇ ತಿಂಗಳು ಸರ್ಕಾರ ಪ್ರಕಟಿಸಿತಾದರೂ ಅಂಜಿಕೆ ಪೂರ್ಣ ಹೋಗಿದೆಯೆಂದು ಹೇಳುವಂತಿಲ್ಲ. ಆಯೋಜಕನಿಗೆ ತನ್ನ ಲೆಕ್ಕಕ್ಕಾಗಿ ರಸೀತಿ ಬೇಕು. ಸಣ್ಣ ಅಂಗಡಿಯವನಿಗೆ ರಸೀತಿಯೆಂದರೆ ಭಯ. ಪ್ರತಿ ನಡಿಗೆಯಲ್ಲಿ ಗಿರಾಕಿಗಳ ಎದುರು ಗಲ್ಲಾದಲ್ಲಿ ಚರ್ಚೆ ನಡೆಸುವ ಬದಲು, ತಿಂಗಳಿಗೊಮ್ಮೆ ತಲೆಯೆಣಿಕೆಯ ಪ್ರಕಾರ ಚೀಟಿ ಬರೆದು ಬ್ಯಾಂಕಿನ ಮೂಲಕ ಸಂದಾಯ ಮಾಡುವುದು ಇಬ್ಬರಿಗೂ ಕ್ಷೇಮ. ಅಂಗಡಿಕಾರನು ತನ್ನ ಒಟ್ಟು ವಹಿವಾಟು ನೋಂದಣಿಯ ಮಿತಿಯನ್ನು ದಾಟಿದೆಯೇ ಎಂಬುದನ್ನು ಲೆಕ್ಕಪರಿಶೋಧಕರ ಬಳಿ ಒಮ್ಮೆ ವಿಚಾರಿಸಿಕೊಂಡರೆ ಚೀಟಿ ಅಂಟಿಸುವ ಪ್ರಮೇಯವೇ ಬರದು.

ಬೀದಿಯ ಇತರ ವರ್ತಕರು

ಆಹಾರ ನಡಿಗೆಯ ಲಾಭ ತಿನಿಸಿನ ಅಂಗಡಿಗಳಿಗಷ್ಟೇ ಸೀಮಿತವಾಗಬೇಕಿಲ್ಲ. ತಿನ್ನುವ ಎರಡು ನಿಲುಗಡೆಗಳ ನಡುವೆ ತಂಡವು ಚಿಕ್ಕಪೇಟೆಯ ರೇಷ್ಮೆ ಸೀರೆ ಮಳಿಗೆಗಳ, ಹಿತ್ತಾಳೆ ಪಾತ್ರೆಗಳ, ಬಳೆಗಳ, ಅವೆನ್ಯೂ ರಸ್ತೆಯ ಪುಸ್ತಕಗಳ ಮುಂದೆ ಹಾದುಹೋಗುತ್ತದೆ. ಇಡ್ಲಿ ತಿಂದವರು ಇಡ್ಲಿ ತಟ್ಟೆ ಕೊಳ್ಳಲು ಇಚ್ಛಿಸುವುದು ಸಹಜ. ಫಿಲ್ಟರ್ ಕಾಫಿ ಕುಡಿದವರಿಗೆ ಹಿತ್ತಾಳೆಯ ಫಿಲ್ಟರು ಅಲ್ಲಿಯೇ ಸಿಗುತ್ತದೆಂಬುದನ್ನು ಹೇಳುವವರು ಬೇಕಷ್ಟೆ. 2017ರ ಜೂನ್‌ನಿಂದ ಚಿಕ್ಕಪೇಟೆಗೂ ಕೃಷ್ಣರಾಜೇಂದ್ರ ಮಾರುಕಟ್ಟೆಗೂ ಮೆಟ್ರೊ ನಿಲ್ದಾಣಗಳು ಒದಗಿರುವುದರಿಂದ ಕಾರು ನಿಲ್ಲಿಸುವ ಚಿಂತೆಯಿಲ್ಲದೆ ಪೇಟೆಗೆ ಬರಬಹುದು, ಕೊಂಡದ್ದನ್ನು ಒಯ್ಯಬಹುದು. ಭಾನುವಾರ ಸಗಟು ಮಳಿಗೆಗಳು ಬಹುಪಾಲು ಮುಚ್ಚಿರುವುದರಿಂದ ಅಂದು ನಡೆಯಲು ಸುಗಮ. ಆದರೆ ಕೊಳ್ಳಲು ಏನೂ ಇಲ್ಲ. ವಾರದ ದಿನಗಳಲ್ಲಿ ಕೊಳ್ಳಲು ಎಲ್ಲವೂ ಉಂಟು, ನಡೆಯಲು ಹೆಗಲು ಸಾಲದು. ಶನಿವಾರ ಬೆಳಗ್ಗೆ, ಸಗಟು ಸರಕಿನ ಗಾಡಿಗಳ ಭರಾಟೆಗೆ ಮುನ್ನ ಹೊರಟು ಮಳಿಗೆಗಳು ತೆರೆಯುವ ಹೊತ್ತಿಗೆ ಮುಗಿಯುವ ನಡಿಗೆಯೊಂದನ್ನು ಪ್ರಯೋಗಿಸಿ ನೋಡಬಹುದು. ದಟ್ಟಣೆಯ ವೇಳೆಯ ಹೋಟೆಲನ್ನು ಬಿಟ್ಟು, ಬೇಕರಿ ಮತ್ತು ಮಿಠಾಯಿಯ ಅಂಗಡಿಗಳನ್ನು ಮೊದಲಿಟ್ಟರೆ ಇದು ಸಾಧ್ಯ.

ಕೊನೆಯದಾಗಿ, ಯಾವ ಪ್ರಚಾರ ಪತ್ರಿಕೆಯಲ್ಲಿಯೂ ಕಾಣದ ಒಂದು ಅವಶ್ಯಕತೆ ಇದೆ. ಮೂರು ಗಂಟೆಗಳ ಕಾಲ ಕಾಫಿ, ಪಾನಕ, ನೀರು ಕುಡಿಯುತ್ತ ನಡೆಯುವ ತಂಡಕ್ಕೆ, ವಿಶೇಷವಾಗಿ ಮಹಿಳೆಯರಿಗೆ, ಶುಚಿಯಾದ ಶೌಚಾಲಯ ಬೇಕು. ಪೇಟೆಯ ಸಣ್ಣ ಹೋಟೆಲುಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ದೊಡ್ಡ ಸೀರೆ ಮಳಿಗೆಗಳಲ್ಲಿ ಗಿರಾಕಿಗಳಿಗಾಗಿ ವ್ಯವಸ್ಥೆಯಿರುತ್ತದೆ. ಆಯೋಜಕನು ಅಂತಹ ಒಂದು ಮಳಿಗೆಯೊಂದಿಗೆ ಮಾತನಾಡಿ, ನಡಿಗೆಯ ನಡುವೆ ಹದಿನೈದು ನಿಮಿಷದ ವಿರಾಮವನ್ನು ಅಲ್ಲಿಯೇ ಗೊತ್ತುಪಡಿಸಿಕೊಂಡರೆ ತಂಡಕ್ಕೆ ಕುಳಿತುಕೊಳ್ಳಲು ಜಮಖಾನೆ ದೊರೆಯುತ್ತದೆ, ಮಳಿಗೆಗೆ ಎಂಟು ಜನ ಹೊಸಬರ ಎದುರು ಸೀರೆ ಬಿಚ್ಚಿ ತೋರಿಸಲು ಅವಕಾಶ ದೊರೆಯುತ್ತದೆ. ಶೌಚಾಲಯದ ಖರ್ಚು ಯಾರ ಲೆಕ್ಕಕ್ಕೂ ಬರುವುದಿಲ್ಲ.